ನೆಟ್ ಇದೆ, ಪುಟ ಮಾತ್ರ ತೆರೆಯುವುದಿಲ್ಲ

'ನೆಟ್ ಬರ್ತಾ ಇಲ್ಲ' ಎಂಬುದು ಈಗ 'ಕರೆಂಟ್ ಹೋಯ್ತು' ಎಂಬಷ್ಟೇ ಮನೆಮಾತು. ಆದರೆ ಕರೆಂಟ್ ಹೋದಾಗ ಕಿಟಕಿಯಿಂದ ಪಕ್ಕದ ಮನೆಯತ್ತ ಇಣುಕಿ, ಅಲ್ಲೂ ಇಲ್ಲವೋ ನಮ್ಮ ಮನೆಯ ಫ್ಯೂಸ್ ಮಾತ್ರ ಹೋಗಿದೆಯೋ ಎಂದು ನೋಡುವ ಜನ, ನೆಟ್ ವಿಷಯದಲ್ಲಿ ಅಷ್ಟನ್ನೂ ವಿಚಾರಿಸುವುದಿಲ್ಲ. ಒಂದೇ ಬಾರಿಗೆ ಇಡೀ ಜಗತ್ತಿನ ಜಾಲವೇ ಕೆಟ್ಟಿತೆಂದು ತೀರ್ಮಾನಿಸಿಬಿಡುತ್ತಾರೆ. ಹಲವು ಸಲ ಜಾಲವೂ ಸರಿಯಿರುತ್ತದೆ, ಯಂತ್ರವೂ ಸರಿಯಿರುತ್ತದೆ. ಯಾವತ್ತೋ, ಯಾವುದೋ ಊರಿನಲ್ಲಿ ಯಾರೋ ಕೊಟ್ಟ ಒಂದು ಅಪ್ಪಣೆಯನ್ನು ಬ್ರೌಸರ್ ಎಂಬ ನಿಷ್ಠಾವಂತ ಸೇವಕ ಇನ್ನೂ ಪಾಲಿಸುತ್ತಿರುತ್ತದೆ, ಅಷ್ಟೆ.

ಹಾಸ್ಟೆಲಿನಲ್ಲಿದ್ದುಕೊಂಡು ಎಂಜಿನಿಯರಿಂಗ್ ಓದುವ ಹುಡುಗಿಯೊಬ್ಬಳು ದಸರಾ ರಜೆಗೆ ಊರಿಗೆ ಬಂದಿದ್ದಾಳೆ ಎಂದುಕೊಳ್ಳೋಣ. ವಿದ್ಯಾರ್ಥಿವೇತನದ ಅರ್ಜಿಗೆ ಅಂದೇ ಕೊನೆಯ ದಿನ. ಅಪ್ಪನ ಮೊಬೈಲಿನಲ್ಲಿ ಮನೆಯ ವೈಫೈ ಸರಾಗವಾಗಿ ನಡೆಯುತ್ತಿದೆ. ಅದೇ ವೈಫೈಗೆ ಮಗಳ ಲ್ಯಾಪ್‌ಟಾಪ್ ಕೂಡ ಸೇರಿಕೊಂಡಿದೆ, ಆದರೆ ಒಂದು ಪುಟವೂ ತೆರೆಯುವುದಿಲ್ಲ. ಕ್ರೋಮ್ ಬ್ರೌಸರ್ ದೊಡ್ಡ ಅಕ್ಷರಗಳಲ್ಲಿ 'ನೋ ಇಂಟರ್ನೆಟ್' ಎನ್ನುತ್ತದೆ. ಅಪ್ಪ ಪೇಟೆಯ ಕಂಪ್ಯೂಟರ್ ಅಂಗಡಿಗೆ ಫೋನ್ ಮಾಡುತ್ತಾರೆ. 'ತಂದುಕೊಡಿ ಸಾರ್, ಫಾರ್ಮ್ಯಾಟ್ ಹೊಡೆದರೆ ಸರಿಹೋಗುತ್ತೆ' ಎಂಬ ಉತ್ತರ ಬರುತ್ತದೆ. ಸರಿಹೋಗುವುದೇನೋ ನಿಜ. ಮನೆಗೆ ಬೆಂಕಿಯಿಟ್ಟರೆ ಇಲಿಗಳೂ ಹೋಗುತ್ತವೆ. ಲ್ಯಾಪ್‌ಟಾಪಿನೊಳಗಿದ್ದ ಆರು ತಿಂಗಳ ಪ್ರಾಜೆಕ್ಟ್ ಕೆಲಸದ ಪ್ರತಿ ಬೇರೆಲ್ಲೂ ಇಲ್ಲದಿದ್ದರೆ ಅದೂ ಹೋಯಿತು. ಅರ್ಜಿಯ ಗಡುವು ಹೇಗೂ ದಾಟಿತು.

ಆ ದೊಡ್ಡ ಅಕ್ಷರಗಳ ಕೆಳಗೆ ಸಣ್ಣ ಅಕ್ಷರಗಳಲ್ಲಿ ಇನ್ನೊಂದು ಸಾಲಿತ್ತು. ಪ್ರಾಕ್ಸಿ ಸರ್ವರಿನಲ್ಲಿ ಏನೋ ತೊಂದರೆಯಿದೆ, ಅಥವಾ ಅದರ ವಿಳಾಸ ತಪ್ಪಾಗಿದೆ ಎಂದು ಅದು ಹೇಳುತ್ತಿತ್ತು. ಅದರ ಕೆಳಗೆ ಇನ್ನೂ ಸಣ್ಣದಾಗಿ 'ಎರರ್ ಪ್ರಾಕ್ಸಿ ಕನೆಕ್ಷನ್ ಫೇಲ್ಡ್' ಎಂಬ ಸಂಕೇತವಿತ್ತು. ರೋಗ, ಕಾರಣ ಎರಡನ್ನೂ ಬ್ರೌಸರ್ ತಾನೇ ಬರೆದುಕೊಟ್ಟಿತ್ತು. ಔಷಧದ ಚೀಟಿಯಂತೆ ಅದನ್ನೂ ಯಾರೂ ಓದುವುದಿಲ್ಲ ಎಂಬುದೇ ತಾಪತ್ರಯ. ಗುಂಡಿಗಳನ್ನು ಒತ್ತುವ ಮೊದಲು ಆ ಸಂದೇಶವನ್ನು ಮೊಬೈಲಿನಲ್ಲಿ ಒಂದು ಫೋಟೋ ತೆಗೆದಿಟ್ಟುಕೊಂಡರೆ ಅರ್ಧ ದುರಸ್ತಿ ಮುಗಿದಂತೆ.

ಪ್ರಾಕ್ಸಿ ಎಂದರೇನೆಂದು ವಿದ್ಯಾರ್ಥಿಗಳಿಗೆ ವಿವರಿಸಬೇಕಾಗಿಲ್ಲ. ಹಾಜರಿ ಕೂಗುವಾಗ ಬಾರದ ಗೆಳೆಯನ ಬದಲು 'ಎಸ್ ಸಾರ್' ಎನ್ನುವುದಕ್ಕೆ ಕಾಲೇಜುಗಳಲ್ಲಿ ಇರುವ ಹೆಸರೇ ಅದು. (ತಂದೆತಾಯಿಗಳು ಈ ವಾಕ್ಯವನ್ನು ಓದದೆ ಮುಂದೆ ಹೋಗಬಹುದು.) ಕಂಪ್ಯೂಟರಿನ ಪ್ರಾಕ್ಸಿಯೂ ಇನ್ನೊಬ್ಬರ ಪರವಾಗಿ ಮಾತಾಡುವ ಯಂತ್ರವೇ. ಕಾಲೇಜಿನ ಯಾವ ಕಂಪ್ಯೂಟರೂ ನೇರವಾಗಿ ಹೊರಗಿನ ಜಾಲಕ್ಕೆ ಹೋಗುವುದಿಲ್ಲ. ತನಗೆ ಬೇಕಾದ ಪುಟದ ವಿಳಾಸವನ್ನು ಪ್ರಾಕ್ಸಿಗೆ ಹೇಳುತ್ತದೆ, ಪ್ರಾಕ್ಸಿ ಹೊರಗೆ ಹೋಗಿ ತಂದುಕೊಡುತ್ತದೆ. ಈ ಏರ್ಪಾಡು ವೆಬ್‌ನಷ್ಟೇ ಹಳೆಯದು ಎನ್ನಬಹುದು. ವೆಬ್ ಹುಟ್ಟಿದ ಜಿನೀವಾದ ಸರ್ನ್ ಪ್ರಯೋಗಾಲಯದ ಸರ್ವರ್ ತಂತ್ರಾಂಶದಲ್ಲಿ ಪ್ರಾಕ್ಸಿ ಹೇಗೆ ಕೆಲಸ ಮಾಡುತ್ತದೆಂದು ಆರಿ ಲುಟೋನೆನ್ ಮತ್ತು ಕೆವಿನ್ ಆಲ್ಟಿಸ್ 1994ರಲ್ಲೇ ಪ್ರಬಂಧ ಮಂಡಿಸಿದ್ದರು. ಕಾವಲುಗೋಡೆಯ ಒಳಗಿರುವವರಿಗೆ ಒಂದು ನಿಯಂತ್ರಿತ ಬಾಗಿಲು ಬೇಕಾಗಿತ್ತು. ಅದರ ಜೊತೆಗೆ ಒಂದು ಉಳಿತಾಯವೂ ಇತ್ತು. ಭಾರತದಲ್ಲಿ ವಿ.ಎಸ್.ಎನ್.ಎಲ್. 1995ರ ಆಗಸ್ಟ್ 15ರಂದು ಸಾರ್ವಜನಿಕರಿಗೆ ಇಂಟರ್ನೆಟ್ ಕೊಡತೊಡಗಿದ ಮೇಲಿನ ವರ್ಷಗಳಲ್ಲಿ ಒಂದು ಚಿತ್ರ ಇಳಿಯುವುದರೊಳಗೆ ಕಾಫಿ ಕುಡಿದು ಬರಬಹುದಿತ್ತು. ಅಂಥ ಕಾಲದಲ್ಲಿ ಪ್ರಯೋಗಾಲಯದ ನಲವತ್ತು ಹುಡುಗರು ಕೇಳುವ ಒಂದೇ ಪುಟವನ್ನು ನಲವತ್ತು ಸಲ ತರಿಸುವ ಬದಲು ಪ್ರಾಕ್ಸಿ ಒಮ್ಮೆ ತಂದಿಟ್ಟುಕೊಂಡು ಎಲ್ಲರಿಗೂ ಹಂಚುತ್ತಿತ್ತು. ಈಗ ಬಹುತೇಕ ಪುಟಗಳು ಗೂಢಲಿಪಿಯಲ್ಲಿ ಬರುವುದರಿಂದ ಈ ಹಂಚಿಕೆಯ ಲಾಭ ಬಹಳ ಕಡಿಮೆಯಾಗಿದೆ. ಕಾವಲಿನ ಕೆಲಸ ಮಾತ್ರ ಉಳಿದಿದೆ.

ಹಾಸ್ಟೆಲಿಗೆ ಸೇರಿದ ಮೊದಲ ವಾರ ಯಾರೋ ಸೀನಿಯರ್ ಬಂದು ಲ್ಯಾಪ್‌ಟಾಪಿನಲ್ಲಿ '10' ಎಂದು ಶುರುವಾಗುವ ಒಂದು ಅಂಕಿಗಳ ವಿಳಾಸವನ್ನೂ ಅದರ ಪಕ್ಕದಲ್ಲಿ 3128 ಅಥವಾ 8080 ಎಂಬ ದ್ವಾರಸಂಖ್ಯೆಯನ್ನೂ ತುಂಬಿಕೊಟ್ಟಿರುತ್ತಾನೆ. ಅಂದಿನಿಂದ ಎಲ್ಲ ಸುಸೂತ್ರ. ಆದರೆ 10ರಿಂದ, ಅಥವಾ 192.168ರಿಂದ ಆರಂಭವಾಗುವ ವಿಳಾಸಗಳು ಜಗತ್ತಿಗೆಲ್ಲ ಒಂದೇ ಅಲ್ಲ. ಖಾಸಗಿ ಜಾಲಗಳ ಒಳಬಳಕೆಗೆಂದು ಬಿಟ್ಟುಕೊಟ್ಟ ಸಂಖ್ಯೆಗಳಿವು. 172.16ರಿಂದ 172.31ರವರೆಗಿನವೂ ಅದೇ ಗುಂಪಿಗೆ ಸೇರಿದವು. 1996ರ ಒಂದು ಮಾನಕ ದಾಖಲೆ ಇವನ್ನು ಹೀಗೆ ಗೊತ್ತುಮಾಡಿದೆ. ಬೆಂಗಳೂರಿನವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. 'ಎರಡನೇ ಕ್ರಾಸ್, 14ನೇ ನಂಬರ್ ಮನೆ' ಎಂಬುದು ಮಲ್ಲೇಶ್ವರದಲ್ಲೂ ಇರಬಹುದು, ಜಯನಗರದಲ್ಲೂ ಇರಬಹುದು. ಬಡಾವಣೆಯೊಳಗೆ ನಿಂತು ಹೇಳಿದರೆ ಅದು ಪೂರ್ಣ ವಿಳಾಸ, ಹೊರಗೆ ಹೇಳಿದರೆ ಅರ್ಥವಿಲ್ಲದ ಮಾತು. ಊರಿಗೆ ಬಂದ ಲ್ಯಾಪ್‌ಟಾಪ್ ಮಾಡುತ್ತಿರುವುದು ಇದನ್ನೇ. ಹಾಸ್ಟೆಲಿನ ಎರಡನೇ ಕ್ರಾಸನ್ನು ಮನೆಯ ವೈಫೈಯಲ್ಲಿ ಹುಡುಕುತ್ತದೆ, ಸಿಗದಿದ್ದಾಗ ಇಂಟರ್ನೆಟ್ಟೇ ಇಲ್ಲ ಎನ್ನುತ್ತದೆ.

ವಿಂಡೋಸ್ 10 ಮತ್ತು 11ರಲ್ಲಿ 'ಸೆಟ್ಟಿಂಗ್ಸ್' ಒಳಗಿನ 'ನೆಟ್‌ವರ್ಕ್ ಅಂಡ್ ಇಂಟರ್ನೆಟ್' ವಿಭಾಗದಲ್ಲಿ 'ಪ್ರಾಕ್ಸಿ' ಎಂಬ ಪುಟವಿದೆ. ಅಲ್ಲಿ ಕೈಯಾರೆ ತುಂಬಿದ ಪ್ರಾಕ್ಸಿಯನ್ನು 'ಆಫ್' ಮಾಡಿದರೆ ಕೆಲಸ ಮುಗಿಯಿತು. ವಿಳಾಸವನ್ನು ಅಳಿಸಬೇಕಾಗಿಲ್ಲ. ರಜೆ ಮುಗಿಸಿ ಹಾಸ್ಟೆಲಿಗೆ ಹೋದ ದಿನ ಮತ್ತೆ 'ಆನ್' ಮಾಡಿದರಾಯಿತು. ಕ್ರೋಮ್, ಎಡ್ಜ್ ಬ್ರೌಸರುಗಳು ವಿಂಡೋಸ್ ಇಟ್ಟುಕೊಂಡ ಈ ಲೆಕ್ಕವನ್ನೇ ಅನುಸರಿಸುತ್ತವೆ. ಫೈರ್‌ಫಾಕ್ಸ್ ಹಾಗಲ್ಲ. ಬೇಕಾದರೆ ಅದು ತನ್ನದೇ ಪ್ರತ್ಯೇಕ ಪ್ರಾಕ್ಸಿಯನ್ನು ಇಟ್ಟುಕೊಳ್ಳಬಲ್ಲದು. ಅದರ ಸೆಟ್ಟಿಂಗ್ಸ್ ಪುಟದ 'ನೆಟ್‌ವರ್ಕ್ ಸೆಟ್ಟಿಂಗ್ಸ್' ಎಂಬಲ್ಲಿ ಅದನ್ನು ಬದಲಾಯಿಸಬಹುದು. ಹೀಗಾಗಿ ಒಂದೇ ಲ್ಯಾಪ್‌ಟಾಪಿನಲ್ಲಿ ಕ್ರೋಮ್ ನಡೆದು ಫೈರ್‌ಫಾಕ್ಸ್ ನಡೆಯದಿದ್ದರೆ, ಅಥವಾ ತಿರುಗುಮುರುಗಾದರೆ, ವೈಫೈಯನ್ನೂ ಕೇಬಲ್ಲಿನವನನ್ನೂ ಬೈಯುವ ಅಗತ್ಯವಿಲ್ಲ. ದೋಷ ಆ ಒಂದು ಬ್ರೌಸರಿನೊಳಗೇ ಇದೆ. ಎರಡು ಬ್ರೌಸರುಗಳನ್ನು ಇಟ್ಟುಕೊಂಡಿರುವುದರಿಂದ ಆಗುವ ದೊಡ್ಡ ಉಪಕಾರವೇ ಇದು. ಆಂಡ್ರಾಯ್ಡ್ ಮೊಬೈಲ್ ಈ ವಿಷಯದಲ್ಲಿ ಜಾಣ. ಅದು ಪ್ರತಿ ವೈಫೈಗೂ ಬೇರೆಬೇರೆ ಪ್ರಾಕ್ಸಿ ನೆನಪಿಟ್ಟುಕೊಳ್ಳುವುದರಿಂದ ಹಾಸ್ಟೆಲಿನ ಅಪ್ಪಣೆ ಮನೆಯವರೆಗೆ ಬರುವುದಿಲ್ಲ.

ಇನ್ನು ಇದರ ತದ್ವಿರುದ್ಧದ ಕಾಯಿಲೆ. ಕಾಲೇಜಿನಲ್ಲಿ ಕುಳಿತಿದ್ದಾಗ ಹೊರಗಿನ ಪುಟಗಳೆಲ್ಲ ತೆರೆಯುತ್ತವೆ, ಕಾಲೇಜಿನದೇ ಒಳಪುಟ ತೆರೆಯುವುದಿಲ್ಲ. ಗ್ರಂಥಾಲಯದ ಪಟ್ಟಿ, ಆಂತರಿಕ ಅಂಕಗಳು, ಅಸೈನ್‌ಮೆಂಟ್ ಒಪ್ಪಿಸುವ ತಾಣ ಇವೆಲ್ಲ ಇರುವುದು ಇಂಟ್ರಾನೆಟ್ ಎಂಬ ಒಳಜಾಲದಲ್ಲಿ. ಕನ್ನಡದಲ್ಲಿ ಇಲ್ಲೊಂದು ತಮಾಷೆಯಿದೆ. ನೆಲದೊಳಗಿನ ನೀರು ಅಂತರ್ಜಲವಾದರೆ, ಸಂಸ್ಥೆಯೊಳಗಿನ ಜಾಲಕ್ಕೆ ಅಂತರ್ಜಾಲ ಎಂಬ ಹೆಸರೇ ಒಪ್ಪಬೇಕಿತ್ತು. ಆದರೆ ಪತ್ರಿಕೆಗಳಲ್ಲಿ ಅಂತರಜಾಲ, ಅಂತರ್ಜಾಲ ಎರಡೂ ಹೊರಗಿನ ಇಂಟರ್ನೆಟ್ಟಿಗೇ ಸಂದಿವೆ. ಗೊಂದಲ ಬೇಡವೆಂದು ಇಲ್ಲಿ ಇಂಗ್ಲಿಷ್ ಹೆಸರುಗಳನ್ನೇ ಇಟ್ಟುಕೊಂಡಿದೆ.

ಒಳಪುಟಕ್ಕೂ ಬ್ರೌಸರ್ ಪ್ರಾಕ್ಸಿಯನ್ನೇ ಕೇಳುತ್ತಿದೆ ಎಂಬುದು ಇಲ್ಲಿನ ತೊಡಕು. ಹೊರಗಿನಿಂದ ತರಲು ನೇಮಿಸಿದ ಆಳಿಗೆ ಅಡುಗೆಮನೆಯಲ್ಲಿರುವ ಉಪ್ಪು ತರಲು ಹೇಳಿದರೆ ಅವನು ಅಂಗಡಿಗೇ ಹೋಗುತ್ತಾನೆ. ಇದಕ್ಕಾಗಿಯೇ ವಿಂಡೋಸಿನ ಪ್ರಾಕ್ಸಿ ಪುಟದಲ್ಲಿ ಸ್ಥಳೀಯ ವಿಳಾಸಗಳಿಗೆ ಪ್ರಾಕ್ಸಿ ಬೇಡ ಎನ್ನುವ ಒಂದು ಚೌಕವಿದೆ. ಅದಕ್ಕೆ ಗುರುತು ಹಾಕಿದವರು ನಿಶ್ಚಿಂತರಾಗಿಬಿಡುತ್ತಾರೆ. ಆದರೆ 'ಸ್ಥಳೀಯ' ಎಂಬುದಕ್ಕೆ ವಿಂಡೋಸ್ ಇಟ್ಟುಕೊಂಡ ಅರ್ಥವೇ ಬೇರೆ. ಹೆಸರಿನ ನಡುವೆ ಚುಕ್ಕಿಯಿಲ್ಲದಿದ್ದರೆ ಮಾತ್ರ ಅದು ಸ್ಥಳೀಯ. ಒಳತಾಣದ ಹೆಸರು 'ಲೈಬ್ರರಿ' ಎಂಬ ಒಂದೇ ಪದವಾದರೆ ನೇರವಾಗಿ ತೆರೆಯುತ್ತದೆ. ಅದನ್ನೇ ಅಂಕಿಗಳಲ್ಲಿ 10.1.1.5 ಎಂದು ಬರೆದರೆ ಚುಕ್ಕಿಗಳು ಬಂದವಲ್ಲ, ಅದು ಪ್ರಾಕ್ಸಿಯ ಪಾಲು. ಹೀಗಿರುವಾಗ ವಿನಾಯಿತಿಗಳ ಪಟ್ಟಿಯಲ್ಲಿ '10.' ಎಂದು ಬರೆದು ಮುಂದೆ ಒಂದು ನಕ್ಷತ್ರ ಚಿಹ್ನೆ ಹಾಕಬೇಕಾಗುತ್ತದೆ. ಆ ಪಟ್ಟಿಯಲ್ಲಿ ವಿಳಾಸಗಳನ್ನು ಬೇರ್ಪಡಿಸಲು ವಿಂಡೋಸಿಗೆ ಅರ್ಧವಿರಾಮ ಬೇಕು, ಫೈರ್‌ಫಾಕ್ಸಿಗೆ ಅಲ್ಪವಿರಾಮ ಬೇಕು. ಒಂದು ಚುಕ್ಕಿ ಹೆಚ್ಚುಕಡಿಮೆಯಾದರೂ ಅಂಕಪಟ್ಟಿ ತೆರೆಯುವುದಿಲ್ಲ.

ಇಷ್ಟನ್ನೆಲ್ಲ ಪ್ರತಿ ವಿದ್ಯಾರ್ಥಿಯೂ ತುಂಬಬೇಕೆಂದರೆ ಯಾವ ಕಾಲೇಜೂ ನಡೆಯದು. ನೆಟ್‌ಸ್ಕೇಪ್ ಕಂಪನಿ 1996ರಲ್ಲಿ ತನ್ನ ನ್ಯಾವಿಗೇಟರ್ 2.0 ಬ್ರೌಸರಿನಲ್ಲಿ ಇದಕ್ಕೊಂದು ಉಪಾಯ ತಂದಿತು. ಸಂಸ್ಥೆ ಒಂದು ಪುಟ್ಟ ಜಾವಾಸ್ಕ್ರಿಪ್ಟ್ ಕಡತವನ್ನು ಇಟ್ಟಿರುತ್ತದೆ. ಬ್ರೌಸರ್ ಒಂದೊಂದು ವಿಳಾಸವನ್ನೂ ಆ ಕಡತಕ್ಕೆ ತೋರಿಸುತ್ತದೆ. 'ನೇರವಾಗಿ ಹೋಗು' ಅಥವಾ 'ಇಂಥ ಪ್ರಾಕ್ಸಿಯ ಮೂಲಕ ಹೋಗು' ಎಂದು ಕಡತ ಉತ್ತರಿಸುತ್ತದೆ. ವಿಂಡೋಸಿನಲ್ಲಿ 'ಸೆಟಪ್ ಸ್ಕ್ರಿಪ್ಟ್' ಎಂದಿರುವುದು ಇದೇ. ಆ ಕಡತ ಎಲ್ಲಿದೆಯೆಂಬುದನ್ನೂ ಬ್ರೌಸರೇ ಜಾಲದಲ್ಲಿ ವಿಚಾರಿಸಿಕೊಳ್ಳಲಿ ಎಂಬ ಏರ್ಪಾಡು 1999ರ ಇಂಟರ್ನೆಟ್ ಎಕ್ಸ್‌ಪ್ಲೋರರ್ 5ರೊಡನೆ ಬಂತು. ಅನುಕೂಲವೇನೋ ಸರಿ. ಆದರೆ 'ನಾನು ಯಾರ ಮೂಲಕ ಹೋಗಲಿ?' ಎಂದು ಬಸ್ ನಿಲ್ದಾಣದ ಅಪರಿಚಿತ ವೈಫೈಯಲ್ಲಿ ನಿಂತು ಕೂಗಿ ಕೇಳಿದರೆ 'ನನ್ನ ಮೂಲಕ ಬಾ' ಎನ್ನುವ ವಂಚಕನೂ ಅಲ್ಲಿರಬಹುದು. ಕಾಲೇಜು ಕೇಳದ ಹೊರತು 'ಆಟೊಮ್ಯಾಟಿಕಲಿ ಡಿಟೆಕ್ಟ್ ಸೆಟ್ಟಿಂಗ್ಸ್' ಎಂಬುದನ್ನು ಮನೆಯ ಲ್ಯಾಪ್‌ಟಾಪಿನಲ್ಲಿ ಆಫ್ ಮಾಡಿಡುವುದೇ ಲೇಸು.

ಪ್ರಾಕ್ಸಿಯ ಜಾಗದಲ್ಲಿ 127.0.0.1 ಎಂಬ ವಿಳಾಸ ಕಂಡುಬಂದರೆ ಸ್ವಲ್ಪ ನಿಂತು ಯೋಚಿಸಬೇಕು. ಅದರ ಅರ್ಥ 'ಇದೇ ಯಂತ್ರ' ಎಂದು. ಲ್ಯಾಪ್‌ಟಾಪಿನೊಳಗೇ ಕುಳಿತ ಯಾವುದೋ ತಂತ್ರಾಂಶ ಬರುವ ಹೋಗುವ ಮಾತನ್ನೆಲ್ಲ ತನ್ನ ಮೂಲಕ ಹಾಯಿಸಿಕೊಳ್ಳುತ್ತಿದೆ, ಅಥವಾ ಹಿಂದೊಮ್ಮೆ ಹಾಯಿಸಿಕೊಳ್ಳುತ್ತಿತ್ತು. ಅದು ಪ್ರೋಗ್ರಾಮಿಂಗ್ ಪಾಠಕ್ಕೆಂದು ಹಾಕಿಕೊಂಡ ಸಾಧುವಾದ ಸಲಕರಣೆಯಿರಬಹುದು. ಅದನ್ನು ತೆಗೆದುಹಾಕಿದ ಮೇಲೂ ಅಪ್ಪಣೆ ಉಳಿದಿರಬಹುದು. ಅಂಥದ್ದಾದರೆ ಪ್ರಾಕ್ಸಿ ಆಫ್ ಮಾಡಿದರೆ ಸಾಕು. ಆಫ್ ಮಾಡಿ ಯಂತ್ರವನ್ನು ಮರುಚಾಲೂ ಮಾಡಿದ ಮೇಲೆ ಅದು ತಾನಾಗಿ ಮತ್ತೆ ಆನ್ ಆದರೆ ಮಾತ್ರ ಒಳಗೆ ಯಾರೋ ಇದ್ದಾರೆಂದೇ ಅರ್ಥ. ಆಗ ಬ್ರೌಸರಿಗೆ ಅಂಟಿಸಿಕೊಂಡ ಎಕ್ಸ್‌ಟೆನ್ಷನ್‌ಗಳನ್ನೂ ಪುಕ್ಕಟೆಯಾಗಿ ಇಳಿಸಿಕೊಂಡ ತಂತ್ರಾಂಶಗಳನ್ನೂ ಒಂದೊಂದಾಗಿ ಪರೀಕ್ಷಿಸಬೇಕು. 'ಒಂದೇ ಕ್ಲಿಕ್ಕಿನಲ್ಲಿ ನೆಟ್ ರಿಪೇರಿ' ಎನ್ನುವ ಇನ್ನೊಂದು ಪುಕ್ಕಟೆ ತಂತ್ರಾಂಶವನ್ನು ಅದರ ಮೇಲೆ ಹಾಕಿಕೊಳ್ಳಲೇಬಾರದು.

ಇದು ಅತಿಯಾದ ಹೆದರಿಕೆ ಎನ್ನುವವರು 2011ರ ಪ್ರಕರಣವನ್ನು ನೆನೆಯಬಹುದು. ಅದಕ್ಕೆ ಮೊದಲು ಡಿ.ಎನ್.ಎಸ್. ಎಂದರೇನೆಂದು ತಿಳಿಯಬೇಕು. ಮನುಷ್ಯರು ಬರೆಯುವುದು ತಾಣದ ಹೆಸರನ್ನು, ಯಂತ್ರಗಳಿಗೆ ಬೇಕಾದದ್ದು ಅಂಕಿಗಳನ್ನು. ಹೆಸರು ಕೊಟ್ಟರೆ ಅಂಕಿ ಹುಡುಕಿಕೊಡುವ, ಟೆಲಿಫೋನ್ ಡೈರೆಕ್ಟರಿಯಂಥ ಈ ವ್ಯವಸ್ಥೆಯನ್ನು ಅಮೆರಿಕದ ಪಾಲ್ ಮೊಕಪೆಟ್ರಿಸ್ 1983ರಲ್ಲಿ ರೂಪಿಸಿದರು. ಯಾವ ಡೈರೆಕ್ಟರಿಯನ್ನು ಕೇಳಬೇಕೆಂಬುದೂ ಕಂಪ್ಯೂಟರಿನೊಳಗಿನ ಒಂದು ಸೆಟ್ಟಿಂಗ್. 'ಡಿ.ಎನ್.ಎಸ್. ಚೇಂಜರ್' ಎಂಬ ದುಷ್ಟ ತಂತ್ರಾಂಶ ಮಾಡಿದ್ದು ಆ ಒಂದು ಸಾಲನ್ನು ತಿದ್ದುವ ಕೆಲಸ. ಜನ ಸರಿಯಾದ ಹೆಸರನ್ನೇ ಬರೆಯುತ್ತಿದ್ದರು, ಸುಳ್ಳು ಡೈರೆಕ್ಟರಿ ಅವರನ್ನು ಬೇರೆಡೆಗೆ ಕಳಿಸಿ ಜಾಹೀರಾತಿನ ಹಣ ಮಾಡಿಕೊಳ್ಳುತ್ತಿತ್ತು. ಸುಮಾರು 100 ದೇಶಗಳ 40 ಲಕ್ಷದಷ್ಟು ಕಂಪ್ಯೂಟರುಗಳು ಹೀಗೆ ಕೆಟ್ಟಿದ್ದವು. 2011ರ ನವೆಂಬರಿನಲ್ಲಿ ಅಮೆರಿಕದ ಎಫ್.ಬಿ.ಐ. ಎಸ್ಟೋನಿಯಾದ ತಂಡವೊಂದರ ಮೇಲೆ ಪ್ರಕರಣ ಬಯಲಿಗೆಳೆದಾಗ ಒಂದು ವಿಚಿತ್ರ ಸಂಕಟ ಎದುರಾಯಿತು. ಕಳ್ಳರ ಸರ್ವರುಗಳನ್ನು ಒಮ್ಮೆಗೇ ನಿಲ್ಲಿಸಿದರೆ ಅವುಗಳನ್ನೇ ನಂಬಿದ್ದ ಕಂಪ್ಯೂಟರುಗಳಿಗೆ ಇಂಟರ್ನೆಟ್ ಇಲ್ಲವಾಗುತ್ತಿತ್ತು. ಆದ್ದರಿಂದ ನ್ಯಾಯಾಲಯದ ಅನುಮತಿ ಪಡೆದು ಅವುಗಳ ಜಾಗದಲ್ಲಿ ಪ್ರಾಮಾಣಿಕ ಸರ್ವರುಗಳನ್ನು ನಿಲ್ಲಿಸಿ, ಜನರಿಗೆ ಸರಿಪಡಿಸಿಕೊಳ್ಳಲು ಕಾಲಾವಕಾಶ ಕೊಟ್ಟರು. 2012ರ ಜುಲೈ 9ರಂದು ಅವನ್ನೂ ನಿಲ್ಲಿಸಲಾಯಿತು. ಅಷ್ಟರೊಳಗೆ ಸೆಟ್ಟಿಂಗ್ ಬದಲಿಸದವರ ಪಾಲಿಗೆ ಅಂದು ಕೇಬಲ್ಲು, ಮೋಡೆಮ್ಮು ಎಲ್ಲ ಸರಿಯಿದ್ದೂ ಜಾಲ ಕತ್ತಲಾಯಿತು.

ಕಾಲೇಜಿನ ಒಳತಾಣದ ಹೆಸರು ಕಾಲೇಜಿನ ಡೈರೆಕ್ಟರಿಯಲ್ಲಿ ಮಾತ್ರ ಇರುವುದುಂಟು. ಬ್ರೌಸರಿನಲ್ಲಿ 'ಸೆಕ್ಯೂರ್ ಡಿ.ಎನ್.ಎಸ್.' ಆನ್ ಮಾಡಿ ಹೊರಗಿನ ಕಂಪನಿಯೊಂದನ್ನು ಆರಿಸಿದ್ದರೆ, ಅಥವಾ 2018ರ ಆಂಡ್ರಾಯ್ಡ್ 9ರಿಂದ ಬಂದ 'ಪ್ರೈವೇಟ್ ಡಿ.ಎನ್.ಎಸ್.'ನಲ್ಲಿ ಯಾವುದಾದರೂ ಹೆಸರು ತುಂಬಿದ್ದರೆ, ಪ್ರಶ್ನೆ ಹೊರಗೆ ಹೋಗುತ್ತದೆ. 'ಅಂಥ ಹೆಸರಿನವರು ಯಾರೂ ಇಲ್ಲ' ಎಂಬ ಉತ್ತರ ಬರುತ್ತದೆ. ಇದರ ಸುರಕ್ಷಿತ ಗುಣ ನಿಜವೇ. ಮನೆಯಲ್ಲಿ ಅದನ್ನು ಇಟ್ಟುಕೊಳ್ಳಬಹುದು, ಕಾಲೇಜಿನಲ್ಲಿ 'ಆಟೊಮ್ಯಾಟಿಕ್'ಗೆ ತಿರುಗಿಸಿದರೆ ಸಾಮಾನ್ಯವಾಗಿ ಒಳಪುಟ ತೆರೆಯುತ್ತದೆ. ರೈಲು ನಿಲ್ದಾಣ, ಹೋಟೆಲುಗಳ ವೈಫೈಯಲ್ಲಿ ಲಾಗಿನ್ ಪುಟವೇ ಮೂಡದಿರುವುದಕ್ಕೂ ಈ ಸೆಟ್ಟಿಂಗ್ ಅಥವಾ ಉಳಿದುಹೋದ ಪ್ರಾಕ್ಸಿ ಒಂದು ಕಾರಣ.

ಕುಕೀ, ಕ್ಯಾಶ್ ಇತ್ಯಾದಿಗಳ ವಿಷಯ ಸುಲಭ. 'ಇನ್‌ಕಾಗ್ನಿಟೊ' ಅಥವಾ 'ಪ್ರೈವೇಟ್' ಕಿಟಕಿಯಲ್ಲಿ ತೆರೆಯುವ ಪುಟ ಮಾಮೂಲು ಕಿಟಕಿಯಲ್ಲಿ ತೆರೆಯದಿದ್ದರೆ ಹಳೆಯ ಕುಕೀ, ಕ್ಯಾಶ್ ಅಥವಾ ಎಕ್ಸ್‌ಟೆನ್ಷನ್ ಕಾರಣ. ಆ ಒಂದು ತಾಣದ ಕುಕೀಗಳನ್ನಷ್ಟೇ ಅಳಿಸಬೇಕು. ಎಲ್ಲವನ್ನೂ ಅಳಿಸಿದರೆ ಮನೆಮಂದಿಯೆಲ್ಲ ಎಲ್ಲ ಕಡೆ ಮತ್ತೆ ಪಾಸ್‌ವರ್ಡ್ ಹುಡುಕುತ್ತ ಕೂರಬೇಕಾಗುತ್ತದೆ.

'ಯುವರ್ ಕನೆಕ್ಷನ್ ಈಸ್ ನಾಟ್ ಪ್ರೈವೇಟ್' ಎಂಬ ಎಚ್ಚರಿಕೆಯನ್ನು ಮಾತ್ರ ಲಘುವಾಗಿ ಕಾಣುವಂತಿಲ್ಲ. ಪ್ರತಿ ಸುರಕ್ಷಿತ ತಾಣವೂ ತಾನೇ ನಿಜವಾದವನೆಂದು ತೋರಿಸುವ ಒಂದು ಪ್ರಮಾಣಪತ್ರವನ್ನು ಇಟ್ಟುಕೊಂಡಿರುತ್ತದೆ. ಅದಕ್ಕೆ ಆರಂಭ ಮತ್ತು ಮುಕ್ತಾಯದ ದಿನಾಂಕಗಳಿರುತ್ತವೆ. ಬೇಸಿಗೆಯಿಂದ ಮುಟ್ಟದೇ ಬಿಟ್ಟಿದ್ದ ಹಳೆಯ ಡೆಸ್ಕ್‌ಟಾಪಿನಲ್ಲಿ, ಗಡಿಯಾರ ನಡೆಸುವ ನಾಣ್ಯದಾಕಾರದ ಬ್ಯಾಟರಿ ಸತ್ತಿದ್ದರೆ, ಯಂತ್ರದ ದಿನಾಂಕ ಹಲವು ವರ್ಷ ಹಿಂದಕ್ಕೆ ಹೋಗಿರುತ್ತದೆ. ಆ ಯಂತ್ರದ ಕಣ್ಣಿಗೆ ಜಗತ್ತಿನ ಪ್ರಮಾಣಪತ್ರಗಳೆಲ್ಲ ಇನ್ನೂ ಹುಟ್ಟೇ ಇಲ್ಲ! ದಿನಾಂಕ ತಿದ್ದಿ, ಸಿ.ಆರ್. 2032 ಎಂಬ ಸೆಲ್ ಬದಲಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಕೆಲವೊಮ್ಮೆ ಗಡಿಯಾರ ಸರಿಯಿದ್ದರೂ ಯಂತ್ರ ನಂಬಿಕೊಂಡಿರುವ ಮೂಲ ಪ್ರಮಾಣಪತ್ರವೇ ಅವಧಿ ಮೀರುತ್ತದೆ. 2021ರ ಸೆಪ್ಟೆಂಬರ್ 30ರಂದು 'ಲೆಟ್ಸ್ ಎನ್‌ಕ್ರಿಪ್ಟ್' ಪ್ರಮಾಣಪತ್ರಗಳಿಗೆ ಆಧಾರವಾಗಿದ್ದ ಅಂಥ ಒಂದು ಹಳೆಯ ಮೂಲಪತ್ರ ಮುಗಿದಾಗ, ಬಹುಕಾಲ ಅಪ್‌ಡೇಟ್ ಕಾಣದ ಸಾಧನಗಳು ಅದೆಷ್ಟೋ ಒಳ್ಳೆಯ ತಾಣಗಳನ್ನು ಅನುಮಾನಿಸತೊಡಗಿದವು.

ದಿನಾಂಕ ಸರಿಯಿದ್ದು, ಮೊಬೈಲ್ ಡೇಟಾದಲ್ಲಿ ತೆರೆಯುವ ಪುಟ ಕಾಲೇಜಿನ ವೈಫೈಯಲ್ಲಿ ಮಾತ್ರ ಈ ಎಚ್ಚರಿಕೆ ಕೊಡುತ್ತಿದ್ದರೆ, ನಡುವೆ ಯಾರೋ ಪತ್ರವನ್ನು ಒಡೆದು ಓದಿ ಮತ್ತೆ ಅಂಟಿಸಿ ಕಳಿಸುತ್ತಿರಬಹುದು. ಕೆಲವು ಸಂಸ್ಥೆಗಳು ಸುರಕ್ಷತೆಯ ಕಾರಣಕ್ಕೆ ಹೀಗೆ ಮಾಡಿ, ತಮ್ಮದೇ ಮೂಲಪತ್ರವನ್ನು ಸ್ಥಾಪಿಸಿಕೊಳ್ಳಲು ಹೇಳುವುದುಂಟು. ಸಂಸ್ಥೆಯ ಕಂಪ್ಯೂಟರಿನಲ್ಲಿ ಅದು ಸಂಸ್ಥೆಯ ಇಷ್ಟ. ಸ್ವಂತ ಲ್ಯಾಪ್‌ಟಾಪಿನಲ್ಲಿ ಸ್ಥಾಪಿಸುವ ಮೊದಲು ಏನನ್ನು ನೋಡುತ್ತೀರಿ, ಏನನ್ನು ನೋಡುವುದಿಲ್ಲ ಎಂದು ಕೇಳುವ ಹಕ್ಕು ವಿದ್ಯಾರ್ಥಿಗೂ ತಂದೆತಾಯಿಗೂ ಇರಬೇಕು. ಕೋರ್ಸ್ ಮುಗಿದ ದಿನ ಅದನ್ನು ತೆಗೆದುಹಾಕಬೇಕು. ಶುಲ್ಕ ಕಟ್ಟುವ ಅಥವಾ ಬ್ಯಾಂಕಿನ ಪುಟದಲ್ಲಿ ಈ ಎಚ್ಚರಿಕೆ ಬಂದರೆ, ಗಡುವು ಎಷ್ಟೇ ಹತ್ತಿರವಿದ್ದರೂ, 'ಪ್ರೊಸೀಡ್' ಒತ್ತದೆ ಬೇರೆ ಜಾಲದಿಂದ ಪ್ರಯತ್ನಿಸಬೇಕು.

ಯಾವ ಸೆಟ್ಟಿಂಗ್ ಬದಲಿಸಿದರೂ ತೆರೆಯದ ಪುಟಗಳೂ ಇವೆ. ಕಾಲೇಜಿನಲ್ಲಿ ಓದಲು ಸಿಕ್ಕ ಸಂಶೋಧನಾ ಲೇಖನ ಮನೆಯಲ್ಲಿ ಹಣ ಕೇಳುತ್ತದೆ. ಪ್ರಕಾಶಕರು ಓದುಗನನ್ನು ಗುರುತಿಸುವುದು ಕಾಲೇಜಿನ ಜಾಲದ ವಿಳಾಸದಿಂದ, ಮನೆಯ ವಿಳಾಸ ಅವರ ಪಟ್ಟಿಯಲ್ಲಿಲ್ಲ. ಕೇಂದ್ರ ಸರ್ಕಾರದ 'ಒಂದು ರಾಷ್ಟ್ರ ಒಂದು ಚಂದಾ' ಯೋಜನೆ 2025ರ ಜನವರಿ 1ರಂದು ಆರಂಭವಾಗಿ, 30 ಪ್ರಕಾಶಕರ ಸುಮಾರು 13,000 ನಿಯತಕಾಲಿಕಗಳು ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳ ವಿದ್ಯಾರ್ಥಿಗಳ ಕೈಗೆಟುಕುವಂತಾದ ಮೇಲೆ ಈ ಪ್ರಶ್ನೆ ಇನ್ನೂ ಹೆಚ್ಚಿನವರದಾಗಿದೆ. ಮನೆಯಿಂದ ಓದಲು ಕಾಲೇಜಿನ ವಿ.ಪಿ.ಎನ್. ಅಥವಾ ದೂರದಿಂದ ಪ್ರವೇಶಿಸುವ ಲಾಗಿನ್ ಬೇಕು. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ ನಡೆಸುವ 'ಇನ್‌ಫೆಡ್' ಅಂಥದ್ದೊಂದು ವ್ಯವಸ್ಥೆ. ಸಂಸ್ಥೆ ಅದಕ್ಕೆ ಸೇರಿದ್ದರೆ ಲಾಗಿನ್ ಹೆಸರನ್ನೂ ಪಾಸ್‌ವರ್ಡನ್ನೂ ಪಡೆಯಲು ಗ್ರಂಥಪಾಲಕರ ಬಳಿ ಹೋಗಬೇಕು. ರಜೆಗೆ ಬಸ್ ಹತ್ತುವ ಮೊದಲೇ ಹೋದರೆ ಒಳ್ಳೆಯದು, ಏಕೆಂದರೆ ರಜೆಯಲ್ಲಿ ಗ್ರಂಥಾಲಯದ ಬಾಗಿಲೂ ಹಾಕಿರುತ್ತದೆ.